ಅಕ್ಕನ ಮೈಯ ಕರೆಂಟ್

ನಮ್ಮ ಕಡೆ ರೇಡಿಯೇಶನ್ ಚಿಕಿತ್ಸೆಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ‘ಕರೆಂಟ್ ಕೊಡೋದು’ ಅನ್ನುತ್ತಾರೆ. “ಆಕಿಗೆ ಕರೆಂಟ್ ಕೊಡಲಿಕತ್ತಾರಂತ” ಅಂದರೆ ಸಾಕು, ಕೇಳಿದವರು ರೋಗ ಯಾವುದು ಅಂತ ಮತ್ತೆ ಕೇಳುವುದಿಲ್ಲ. ದನಿ ಇಳಿಸಿ ಮಳೆಬೆಳೆಯ ಮಾತಿಗೆ ಹೊರಳುತ್ತಾರೆ. ನಾನು ಚಿತ್ತಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಕರೆಂಟ್ ಬೇರೆ, ಕಿರಣ ಬೇರೆ ಅಂತ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನೂ ತಿದ್ದಿದವಳು. ನನ್ನ ಅಕ್ಕನಿಗೇ ಅದನ್ನು ಕೊಡಿಸುವ ಕಾಲ ಬಂದಾಗ ಮಾತ್ರ ನಾನೂ ಎಲ್ಲರ ಹಾಗೆ ಕರೆಂಟ್ ಅಂತಲೇ ಅಂದೆ. ತಿದ್ದುವ ಉಮೇದು ಉಳಿದಿರಲಿಲ್ಲ.

ಅಕ್ಕ ಶಹಾಬಾದದ ಹತ್ತಿರ ಭಂಕೂರದಲ್ಲಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು, ಬಡಿದವಳು, ಓದಿಸಿದವಳು ಅವಳೇ. ಅವಳ ಗಂಡ ಫರಸಿ ಖಣಿಯಲ್ಲಿ ಕಲ್ಲಿನ ದೂಳು ಕುಡಿದು ಕುಡಿದು ಮೊದಲೇ ಹೋಗಿದ್ದ. ಮಗ ಶಹಾಬಾದದಲ್ಲಿ ಫರಸಿ ಪಾಲಿಶ್ ಮಾಡುವ ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ನೆಲ ಫರಸಿ, ಮಾಳಿಗೆ ಫರಸಿ, ಅಡುಗೆಮನೆಯ ಕಟ್ಟೆ, ಬಚ್ಚಲು ಎಲ್ಲ ಅದೇ ಬೂದು ಕಲ್ಲು. ಮಗನಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರಲಿಲ್ಲ. ವಾಡಿಯಿಂದ ತಂದ ಸೊಸೆ ಕಡೆಗೊಮ್ಮೆ ಬಸುರಾದಾಗಲೇ ಅಕ್ಕನ ಕೈಗೆ ತನ್ನ ಎದೆಯೊಳಗಿನ ಗಂಟು ಸಿಕ್ಕಿತು. ಅವಳು ಯಾರಿಗೂ ಹೇಳಲಿಲ್ಲ. ಆಮೇಲೆ ನಾನು ಬೈದಾಗ, “ಬಸುರಿ ಹೆಣಮಗಳು ಮನ್ಯಾಗ ಇದ್ಲು. ಅಂಥಾದ್ರಾಗ ದವಾಖಾನಿ ಮಾತು ತೆಗೀಲೇನು?” ಅಂದಳು. ಸೀಮಂತದ ಕುಬುಸ ಮಾಡಿ ಸೊಸೆಯನ್ನು ತವರಿಗೆ ಕಳಿಸಿಕೊಟ್ಟ ಮೇಲೆಯೇ ಬಾಯಿ ಬಿಟ್ಟಳು. ಅಷ್ಟರಲ್ಲಿ ಗಂಟು ಕಂಕುಳಿಗೂ ಹಬ್ಬಿತ್ತು.

ಆಪರೇಶನ್ ಆಯಿತು. ಸಲೈನಿನಲ್ಲಿ ಕೊಟ್ಟ ಔಷಧಕ್ಕೆ ಕೂದಲು ಉದುರಿತು. ಈ ನಡುವೆ ವಾಡಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಹೋಗಿ ನೋಡುವ ತ್ರಾಣ ಅಕ್ಕನಿಗಿರಲಿಲ್ಲ, ಫೋನಿನಲ್ಲೇ ಮುಖ ನೋಡಿದಳು. ಬಾಣಂತನ ಮುಗಿಸಿ ಸೊಸೆ ಕೂಸಿನೊಂದಿಗೆ ಜೂನಿನಲ್ಲಿ ಮಿರಗ ಮಳೆಯ ಹೊತ್ತಿಗೆ ಬರುವವಳಿದ್ದಳು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ತವರಿಂದ ಕೂಸು ಮೊದಲ ಸಲ ಅಪ್ಪನ ಮನೆಗೆ ಬಂದಾಗ ಅದನ್ನು ನೆಲಕ್ಕಿಡುವುದಿಲ್ಲ, ನೆಟ್ಟಗೆ ತೊಟ್ಟಿಲಿಗೂ ಹಾಕುವುದಿಲ್ಲ. ಅಪ್ಪನ ಅವ್ವ ಹೊಸ್ತಿಲ ಒಳಗೆ ಸೆರಗು ಚಾಚಿ ನಿಂತು ಉಡಿಯಲ್ಲಿ ಹಾಕಿಕೊಂಡು, ದೇವರ ಮುಂದೆ ಹಾಯ್ದು, ಆಮೇಲೆ ತೊಟ್ಟಿಲಿಗೆ ಹಾಕಬೇಕು. “ಕೂಸು ಬರೋದ್ರಾಗ ಕೈಯಾಗ ಜರಾ ಕಸುವು ಬಂದ್ರ ಸಾಕು” ಅನ್ನುತ್ತಿದ್ದಳು ಅಕ್ಕ. ಬದುಕಿದರೆ ಸಾಕು ಅಂತ ಅವಳು ಅಂದದ್ದು ನಾನು ಕೇಳಲಿಲ್ಲ. ಕೂಸನ್ನು ಎತ್ತಿಕೊಳ್ಳಬೇಕು, ಅಷ್ಟೇ.

ಮೇ ತಿಂಗಳು ಶಾಲೆಗೆ ರಜೆ. ಭಾನುವಾರ ಬಿಟ್ಟು ದಿನಾ ಶಹಾಬಾದ ಸ್ಟೇಶನ್ನಿನಲ್ಲಿ ನಾವಿಬ್ಬರೂ ಪ್ಯಾಸೆಂಜರ್ ಹತ್ತಿ ಕಲಬುರಗಿಗೆ ಹೋಗುತ್ತಿದ್ದೆವು. ದವಾಖಾನೆಯ ನೆಲಮಾಳಿಗೆಯಲ್ಲಿ ಗೋಡೆಯಷ್ಟೇ ದಪ್ಪದ ಬಾಗಿಲ ಹಿಂದೆ ಆ ಮಷೀನು. ಅದನ್ನು ನಡೆಸುವವನು ಚಿಂಚೋಳಿ ಕಡೆಯವನು, ಮಾತಿನಲ್ಲಿ ತೆಲುಗಿನ ಎಳೆತ. ಅಕ್ಕನ ಎದೆಯ ಮೇಲೆ, ಬಗಲಲ್ಲಿ ಅವನು ಬಣ್ಣದಿಂದ ಗೀಟು ಹಾಕಿದ್ದ. ದಿನಾ ಆ ಗೀಟಿಗೆ ಬೆಳಕು ಹೊಂದಿಸಿ, ಅವಳೊಬ್ಬಳನ್ನೇ ಒಳಗೆ ಬಿಟ್ಟು ಬಾಗಿಲು ಮುಚ್ಚಿಕೊಂಡು ಹೊರಗೆ ಬರುತ್ತಿದ್ದ. ಒಳಗೆ ಒಂದು ಗುಂಯ್ ಅನ್ನುವ ಸದ್ದು, ಮತ್ತೇನಿಲ್ಲ. ಅಕ್ಕ ಹೊರಗೆ ಬಂದು ಸೆರಗು ಸರಿಮಾಡಿಕೊಳ್ಳುತ್ತ “ಏನೂ ತಿಳಿಯಂಗಿಲ್ಲ. ಬಿಸಿನೂ ಇಲ್ಲ, ನೋವೂ ಇಲ್ಲ. ಖರೇನ ಕೊಡ್ತಾರೋ ಇಲ್ಲೋ” ಅನ್ನುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ಕೂತು ನಾನು ನನ್ನ ಪಾಠ ನೆನೆಯುತ್ತಿದ್ದೆ. ರೇಡಿಯೋ ಅಲೆ, ಮೈಕ್ರೋವೇವ್, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ, ಎಕ್ಸ್ ಕಿರಣ, ಗಾಮಾ. ಎಲ್ಲ ಒಂದೇ ಕುಲದವು, ವಿದ್ಯುತ್ಕಾಂತೀಯ ಅಲೆಗಳು. ಎಲ್ಲಕ್ಕೂ ಶೂನ್ಯದಲ್ಲಿ ಒಂದೇ ವೇಗ. ಅಲೆ ಗಿಡ್ಡವಾದಷ್ಟೂ ಅದರ ಕಸುವು ಹೆಚ್ಚು. ಮೊಬೈಲಿನ ಅಲೆ ಮೈಯೊಳಗೆ ಹೋದರೂ ಜೀವಕೋಶದ ಎಳೆ ಹರಿಯುವಷ್ಟು ಕಸುವು ಅದಕ್ಕಿಲ್ಲ. ಎಕ್ಸ್ ಕಿರಣಕ್ಕೆ ಇದೆ. ಇಷ್ಟನ್ನು ಮಕ್ಕಳು ಸಾಲಾಗಿ ಬರೆದರೆ ನಾನು ಅಂಕ ಕೊಡುತ್ತಿದ್ದೆ, ಹಿಂದುಮುಂದಾದರೆ ಕಡಿಯುತ್ತಿದ್ದೆ. ಒಳಗೆ ಅಕ್ಕನ ಮೈಯಲ್ಲಿ ಆ ಎಳೆಗಳು ಹರಿಯುತ್ತಿರುವಾಗ ಆ ಅಂಕಗಳನ್ನು ನೆನೆದು ನನಗೆ ನನ್ನ ಪಾಠದ ಮೇಲೇ ಹೇಸಿಕೆ ಬಂತು.

ಒಂದು ದಿನ ಮಷೀನಿನವನು ಬಾಗಿಲು ತೆಗೆದು ನನ್ನನ್ನೇ ಒಳಗೆ ಕರೆದ. ಅಕ್ಕನ ಎದೆಯ ಮೇಲಿನ ಗೀಟು ಅಳಿಸಿ ಬರೀ ನೀಲಿ ಕಲೆ ಉಳಿದಿತ್ತು. “ಏನ್ರಿ ಮೇಡಂ, ನೀರು ಹಾಕಿ ತಿಕ್ಕಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನಿ? ಈ ಗೀಟು ಹೋದ್ರ ನಾ ಎಲ್ಲಿ ಅಂತ ಹಿಡೀಲಿ? ಒಂದು ಬೆರಳು ಆಕಡಿ ಹೋದ್ರ ಹೃದಯ ಅದ, ಪುಪ್ಪುಸ ಅದ.” ಆ ದಿನ ಕಿರಣ ಕೊಡಲಿಲ್ಲ. ಮತ್ತೆ ಅಳತೆ, ಮತ್ತೆ ಸ್ಕ್ಯಾನ್, ಮತ್ತೆ ಗೀಟು. ನನಗೆ ತಲೆ ಕೆಟ್ಟಿತು. ಬೋಗಿಯಲ್ಲಿ ಎಲ್ಲರೆದುರು ಅಕ್ಕನನ್ನು ಬೈದೆ. ಅವಳು ಕಿಟಕಿಯ ಹೊರಗೆ ನೋಡುತ್ತ, “ನಾ ತೊಳಕೊಂಡಿಲ್ಲವಾ. ನನ್ನ ಮಗ ನೀರು ಹಾಕ್ತಾನ” ಅಂದಳು.

ಬೇಸಿಗೆಯಲ್ಲಿ ನಮ್ಮ ಫರಸಿ ಮನೆಗಳಲ್ಲಿ ಬದುಕಿದವರಿಗೇ ಇದು ತಿಳಿಯುವುದು. ದಿನವಿಡೀ ಬಿಸಿಲು ಕುಡಿದ ಮಾಳಿಗೆಯ ಕಲ್ಲು ಹೊತ್ತು ಮುಳುಗಿದ ಮೇಲೂ ಕಾವು ಬಿಡುತ್ತಲೇ ಇರುತ್ತದೆ. ಹೊರಗೆ ತಂಪಾಗಿದ್ದರೂ ಒಳಗೆ ಮಲಗುವುದಾಗುವುದಿಲ್ಲ. ಅದಕ್ಕೇ ಸಂಜೆ ಮಾಳಿಗೆ ಹತ್ತಿ ಕೊಡಗಟ್ಟಲೆ ನೀರು ಸುರಿಯುತ್ತೇವೆ. ಚುಂಯ್ ಅಂತ ಹಬೆ ಏಳುತ್ತದೆ, ಕಲ್ಲು ಆರುತ್ತದೆ, ಆಮೇಲೆ ಹಾಸಿಗೆ. ಅಕ್ಕನ ಮಗ ಹುಟ್ಟಿದಾಗಿನಿಂದ ಕಲ್ಲಿನೊಂದಿಗೇ ಇದ್ದವನು. ದಿನಾ ಅವ್ವನ ಮೈಗೆ ಕರೆಂಟ್ ಹೋಗುತ್ತಿದೆ, ಅಂದ ಮೇಲೆ ಅದು ಒಳಗೆ ಕೂಡಿಕೊಳ್ಳುತ್ತಿರಬೇಕು ಅಂತ ಲೆಕ್ಕ ಹಾಕಿದ. ಕೆಲಸದಿಂದ ಬಂದವನೇ ಅವಳನ್ನು ಸೀರೆಯ ಮೇಲೇ ಬಚ್ಚಲ ಕಲ್ಲಿನ ಮೇಲೆ ಕೂಡಿಸಿ ಕೊಡ ಕೊಡ ನೀರು ಸುರಿಯುತ್ತಿದ್ದ. ದಿನ ಕಳೆದಂತೆ ಕಿರಣಕ್ಕೆ ಸುಟ್ಟ ತೊಗಲಿನ ಮೇಲೆ ನೀರು ಬಿದ್ದಾಗ ಅವಳು ಹಲ್ಲು ಕಚ್ಚಿ ಕೂಡುತ್ತಿದ್ದಳಂತೆ. ನಾನು ಹೋಗಿ ಜಗಳ ತೆಗೆದಾಗ ಅವನು ತಲೆ ತಗ್ಗಿಸಿ ನಿಂತು, “ಕೂಸು ಬರೋದ್ರಾಗ ಆರಬೇಕಲ್ಲ ಸಣ್ಣವ್ವ” ಅಂದ. ಅವನ ಕೆನ್ನೆಗೆ ಬಾರಿಸಬೇಕೆಂದು ಎತ್ತಿದ ಕೈ ಕೆಳಗೆ ಬಂತು.

ನೀರು ಸುರಿಯುವುದು ನಿಂತಿತು. ಚಿಕಿತ್ಸೆಯೂ ಮುಗಿಯಿತು. ಕಡೆಯ ದಿನ ಡಾಕ್ಟರರ ಮುಂದೆ ನಾನೇ ಕೇಳಿದೆ. “ಮನೆಗೆ ಎಳೇ ಕೂಸು ಬರತದ್ರಿ. ಎತ್ಕೋಬಹುದಲ್ರಿ?” ಅವರು ಮುಖ ಎತ್ತದೆ, “ಧಾರಾಳವಾಗಿ. ಮಷೀನ್ ಬಂದ್ ಆದ ಕೂಡಲೇ ಏನೂ ಉಳಿಯೋದಿಲ್ಲ” ಅಂದರು. ಅಕ್ಕ ಕೇಳಿಸಿಕೊಂಡಳು. ಆವತ್ತು ರೈಲಿನಲ್ಲಿ ಅವಳು ಶೇಂಗಾ ಕೊಂಡು ಅರ್ಧ ನನಗೆ ಕೊಟ್ಟಳು. ಬಹಳ ದಿನದ ಮೇಲೆ ಅವಳು ಹಸಿವಿನಿಂದ ತಿಂದದ್ದು ನೋಡಿದೆ.

ಆದರೆ ವಾಡಿಯಲ್ಲಿ ಬೇರೆಯೇ ಮಾತು ನಡೆದಿತ್ತು. ಸೊಸೆಯ ತಾಯಿ, ಅಂದರೆ ನಮ್ಮ ಬೀಗತಿ, ಗಟ್ಟಿ ಹೆಂಗಸು. ಸೇಡಂಗೆ ಕೊಟ್ಟ ಅವಳ ತಂಗಿಗೆ ಹಿಂದೊಮ್ಮೆ ಗಂಟಲಿನ ಥೈರಾಯ್ಡ್ ಗಡ್ಡೆಗೆ ಹೈದರಾಬಾದಿನಲ್ಲಿ ಔಷಧ ಕುಡಿಸಿ ಒಂದು ಕೋಣೆಯಲ್ಲಿ ಒಬ್ಬಳನ್ನೇ ಇಟ್ಟಿದ್ದರು. ಮನೆಗೆ ಬಂದ ಮೇಲೂ ಕೆಲವು ದಿನ ಮಕ್ಕಳನ್ನು ಮುಟ್ಟಬೇಡ, ಬಸುರಿಯರ ಹತ್ತಿರ ಕೂಡಬೇಡ, ತಾಟು ಬೇರೆ ಇಡು ಅಂತ ಡಾಕ್ಟರರೇ ಹೇಳಿದ್ದರು. ಇದು ಸುಳ್ಳಲ್ಲ. ಆ ಔಷಧವೇ ಕಿರಣ ಬಿಡುವಂಥದು. ಅದು ಮೈಯೊಳಗೆ ಇರುವಷ್ಟು ದಿನ ಮೈಯಿಂದ ಹೊರಗೂ ಕಿರಣ ಬರುತ್ತದೆ. ಅಕ್ಕನಿಗೆ ಕೊಟ್ಟದ್ದು ಹೊರಗಿನಿಂದ, ಒಳಗೆ ಏನನ್ನೂ ಇಟ್ಟಿಲ್ಲ. ಎರಡಕ್ಕೂ ನಮ್ಮ ಜನ ಕರೆಂಟ್ ಅಂತಾರೆ, ಎರಡಕ್ಕೂ ದವಾಖಾನೆಯ ಬಾಗಿಲ ಮೇಲೆ ಅದೇ ಹಳದಿ ಗುರುತು. ಬೀಗತಿ ತನ್ನ ಕಣ್ಣಾರೆ ಕಂಡದ್ದನ್ನು ಮಗಳಿಗೆ ಹೇಳಿದ್ದಳು. ಆಕೆಯ ಜಾಗದಲ್ಲಿ ನಾನಿದ್ದರೂ ಹೇಳುತ್ತಿದ್ದೆನೇನೋ.

ಕೂಸು ಬಂದ ದಿನ ನಾನು ಭಂಕೂರದಲ್ಲೇ ಇದ್ದೆ. ಅಕ್ಕ ಬೆಳಿಗ್ಗೆಯೇ ನೀರು ಎರಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲ ಒಳಗೆ ನಿಂತಿದ್ದಳು. ಆಟೋ ನಿಂತಿತು. ಸೊಸೆ ಇಳಿದಳು, ಹಿಂದೆ ಕೂಸನ್ನು ಎತ್ತಿಕೊಂಡ ಬೀಗತಿ. ಅಕ್ಕ ಸೆರಗು ಚಾಚಿದಳು. ಬೀಗತಿ ಹೊಸ್ತಿಲ ಆಚೆಯೇ ನಿಂತು ನನ್ನ ಕಡೆ ತಿರುಗಿ, “ಈ ಸಲ ಸಣ್ಣ ಬೀಗತಿ ಉಡ್ಯಾಗ ಹಾಕ್ಕೊಳ್ಳಲಿ. ತಪ್ಪು ತಿಳಕೋಬ್ಯಾಡ್ರಿ ಅಕ್ಕಾ, ಎಳೇ ಜೀವ ಅದ” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಸೆರಗು ಬಿಟ್ಟು ಗೋಡೆಗೆ ಸರಿದು ದಾರಿ ಕೊಟ್ಟಿದ್ದಳು. “ಆಕಿ ಹೇಳೋದು ಬರೋಬ್ಬರಿ ಅದ. ನೀ ತೊಗೋ” ಅಂದಳು. ಮಂದಿ ನೋಡುತ್ತಿದ್ದರು. ನಾನು ತಗೊಂಡೆ. ಕೂಸು ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು. ದೇವರ ಮುಂದೆ ಹಾಯುವಾಗ ಅಕ್ಕನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಬೀಗತಿ ವಾಡಿಗೆ ಮರಳಿದ ಮೇಲೆ ಒಂದು ಭಾನುವಾರ ನಾನು ಮಗ, ಸೊಸೆ ಇಬ್ಬರನ್ನೂ ಪಡಸಾಲೆಯಲ್ಲಿ ಕೂಡಿಸಿಕೊಂಡೆ. ಅಕ್ಕ ಮೂಲೆಯ ಮಂಚದ ಮೇಲಿದ್ದಳು. ಕಿಟಕಿ ಹಾಕಿ, ಗೋಡೆಗೆ ಟಾರ್ಚ್ ಬಿಟ್ಟೆ. “ಗ್ವಾಡಿ ಮ್ಯಾಲ ಬೆಳಕು ಕಾಣ್ತದಿಲ್ಲೋ?” ಅಂದೆ. ಕಾಣ್ತದ ಅಂದರು. ಆರಿಸಿದೆ. “ಈಗ ಗ್ವಾಡ್ಯಾಗ ಏನರೆ ಉಳದದೇನು?” ಇಲ್ಲ ಅಂದಳು ಸೊಸೆ. ಮಗ ತಲೆ ಎತ್ತಿ ಮಾಳಿಗೆಯ ಕಡೆ ನೋಡಿ, “ಗ್ವಾಡಿ ಮ್ಯಾಲ ಉಳಿಯಂಗಿಲ್ಲ ಖರೆ. ಮಾಳಗಿ ಮ್ಯಾಲ ಬಿಸಲು ಬಿದ್ರ ಕಾವು ಉಳೀತದಲ್ಲ ಸಣ್ಣವ್ವ? ಬಿಸಲೂ ಬೆಳಕೇ ಅಲ್ಲೇನು?” ಅಂದ. ಶಾಲೆಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ.

ಬಿಡಿಸಿ ಹೇಳಿದೆ. ಕಲ್ಲು ಬಿಸಿಲನ್ನು ಹಿಡಿದಿಡುವುದಿಲ್ಲ, ಬಿಸಿಲಿಗೆ ಕಲ್ಲು ಕಾಯುತ್ತದೆ. ಕಾದ ಕಲ್ಲು ತನ್ನದೇ ಅಲೆ ಬಿಡುತ್ತದೆ, ಅದು ಅವಕೆಂಪು, ಕಣ್ಣಿಗೆ ಕಾಣದ ಕಾವು. ಅವ್ವನ ಮೈ ಹಾಗೆ ಕಾದಿಲ್ಲ, ಬೇಕಾದರೆ ಮುಟ್ಟಿ ನೋಡು. ಅವನು ಎದ್ದು ಹೋಗಿ ಅವ್ವನ ಹಣೆ ಮುಟ್ಟಿ ಬಂದ. “ಮತ್ತ ತೊಗಲು ಯಾಕ ಇನ್ನೂ ಕರ್ರಗಾಗಲಿಕತ್ತದ? ಮುಗದು ಎಷ್ಟು ದಿನ ಆತು?” ಅಂದ. ಅದೂ ಖರೆಯೇ. ಚಿಕಿತ್ಸೆ ನಿಂತ ಮೇಲೆಯೇ ತೊಗಲು ಹೆಚ್ಚು ಕಪ್ಪಾಗಿ ಸಿಪ್ಪೆ ಏಳತೊಡಗಿತ್ತು. “ಕಿರಣ ಉಳಿಯಂಗಿಲ್ಲಪಾ, ಅದು ಮಾಡಿದ ಗಾಯ ಉಳೀತದ. ಹೊಡದವ ಹೋದ ಮ್ಯಾಲೂ ಬಾಸುಂಡೆ ಏಳಂಗಿಲ್ಲೇನು?” ಅಂದೆ. ಇದು ಅವನಿಗೆ ಹಿಡಿಸಿತು. ತಲೆಯಾಡಿಸಿದ.

ಗೆದ್ದ ಹುರುಪಿನಲ್ಲಿ ಇನ್ನೂ ಮುಂದೆ ಹೋದೆ. ಕಿರಣ ಅಂದರೆ ಬರೀ ದವಾಖಾನೆಯದಲ್ಲ, ಸೂರ್ಯನಿಂದ ಬರುತ್ತದೆ, ಆಕಾಶದಿಂದ ಬರುತ್ತದೆ, ನೆಲದ ಕಲ್ಲಿನಿಂದಲೂ ಚೂರು ಬರುತ್ತದೆ, ನಾವು ತಿನ್ನುವ ರೊಟ್ಟಿಯಲ್ಲೂ ಇದೆ, ನಮ್ಮೆಲ್ಲರ ಮೈಯಲ್ಲೂ ಇದೆ, ಅಷ್ಟರಿಂದ ಯಾರೂ ಸತ್ತಿಲ್ಲ ಅಂತ ಹೇಳಿದೆ. ಅಕ್ಕ ಮಂಚದ ಮೇಲಿಂದಲೇ, “ಸಾಕ್ ಮಾಡವಾ, ಇದು ನಿನ್ನ ಸಾಲಿ ಅಲ್ಲ” ಅಂದಳು. ಮರುವಾರ ಬಂದು ನೋಡಿದರೆ ಸೊಸೆ ಫರಸಿಯ ಮೇಲೆ ಕೂಸನ್ನು ಹಾಕುವುದನ್ನೇ ಬಿಟ್ಟಿದ್ದಳು. ಕಲ್ಲಿನಿಂದಲೂ ಕಿರಣ ಬರುತ್ತದೆಂದು ಎರಡು ಗಾದಿ ಹಾಸಿ ಅದರ ಮೇಲೆ ಮಲಗಿಸಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂಗಾಯಿತು ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಆದರೂ ಮಗ ಹಟ ಹಿಡಿದು ಹೆಂಡತಿಗೆ ಹೇಳಿದ್ದನಂತೆ. ಆ ಸಂಜೆ ಸೊಸೆ ತಾನಾಗಿಯೇ ಕೂಸನ್ನು ಎತ್ತಿಕೊಂಡು ಅಕ್ಕನ ಮಂಚದ ಹತ್ತಿರ ಬಂದಳು. “ತೊಗೋರಿ ಅತ್ತಿ, ನಿಮ್ಮ ಮೊಮ್ಮಗಳು” ಅಂತ ಮುಂದೆ ಚಾಚಿದಳು. ಅಕ್ಕ ಕೂಸಿನ ಮುಖವನ್ನು ಭಾಳ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಕೌದಿಯೊಳಗೆ ಎಳೆದುಕೊಂಡು, “ಬ್ಯಾಡವಾ, ನನಗ ಕಸುವಿಲ್ಲ. ಕೈಜಾರಿ ಬಿದ್ದೀತು. ಒಯ್ಯಿ” ಅಂದಳು. ಸೊಸೆ ಒಂದು ಕ್ಷಣವೂ ನಿಲ್ಲಲಿಲ್ಲ.

ಅವಳು ಒಳಗೆ ಹೋದ ಮೇಲೆ ನಾನು ಅಕ್ಕನ ಮೇಲೆ ಹರಿಹಾಯ್ದೆ. ಯಾರಿಗೋಸ್ಕರ ನಾನು ಇಷ್ಟು ಒದ್ದಾಡಿದ್ದು? ಕಡೆಗೆ ನಿನಗೇ ನಂಬಿಕೆ ಇಲ್ಲವೇನು? ಅಕ್ಕ ಮೆಲ್ಲಗೆ ಹೇಳಿದಳು. “ನೀ ಹೇಳಿದ್ದು ನನಗ ತಿಳದದ. ಆಕಿ ಕೂಸು ಚಾಚಿದ್ಲು ಖರೆ, ಹಿಡಿ ಸಡಿಲ ಮಾಡಿರಲಿಲ್ಲ, ನೀ ನೋಡಲಿಲ್ಲ. ನಾಳಿಗಿ ಕೂಸಿಗೆ ಒಂದು ಜ್ವರ ಬಂದ್ರೂ, ಒಂದು ಗುಳ್ಳಿ ಎದ್ರೂ, ಆಯಿ ಮುಟ್ಟಿದ್ಲು ಅಂತಾರ. ನಾ ಇರೋತನಕ ಅಂದ್ರ ಅನಲಿ. ಹ್ವಾದ ಮ್ಯಾಲೂ ಅಂತಾರ. ಆ ಕೂಸು ದೊಡ್ಡಾಗಿ ಅದನ್ನ ಕೇಳೋದು ನನಗ ಬ್ಯಾಡ.” ಊರ ಬಾಯಿ ಮುಚ್ಚಲಿಕ್ಕೆ ನನ್ನ ಹತ್ತಿರ ಯಾವ ಟಾರ್ಚೂ ಇರಲಿಲ್ಲ. ನನಗೆ ಅಳು ಬಂತು, ಅಕ್ಕ ಅಳಲಿಲ್ಲ.

ಮಳೆಗಾಲದಲ್ಲಿ ಕೂಸಿಗೆ ಜ್ವರ ಬಂದೇ ಬಂತು. ಚುಚ್ಚುಮದ್ದು ಹಾಕಿಸಿದ ಮರುದಿನ ಎಲ್ಲ ಮಕ್ಕಳಿಗೂ ಬರುವಂಥದು. ಬೀಗತಿ ವಾಡಿಯಿಂದ ಓಡಿ ಬಂದಳು. ಬಂದವಳು ಕೂಸಿನ ಮೈ ಮುಟ್ಟಿ ನೋಡುವುದಕ್ಕಿಂತ ಮೊದಲು ಅಕ್ಕನ ಮಂಚದ ಕಡೆ ನೋಡಿದಳು. ಅಕ್ಕ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು. ನೋಡಿದಿಲ್ಲೋ ಅಂತ ಅದರರ್ಥ. ಅವಳು ಗೆದ್ದಿದ್ದಳು. ಅಂಥ ಗೆಲುವು ನನ್ನ ವೈರಿಗೂ ಬೇಡ.

ಅಲ್ಲಿಂದ ಮುಂದೆ ಪಡಸಾಲೆಯ ಒಂದು ತುದಿಗೆ ಅಕ್ಕನ ಮಂಚ, ಇನ್ನೊಂದು ತುದಿಗೆ ಕೂಸಿನ ಗಾದಿ. ಅಕ್ಕ ಅಲ್ಲಿಂದಲೇ ಚಪ್ಪಾಳೆ ತಟ್ಟುತ್ತಿದ್ದಳು, ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತಿದ್ದಳು, ಕೂಸು ಕೇಕೆ ಹಾಕುತ್ತಿತ್ತು. ಅಂಬೆಗಾಲು ಬಂದ ಮೇಲೆ ಅದು ಮಂಚದ ಕಡೆಗೇ ಹೊರಡುತ್ತಿತ್ತು. ಆಗ ಅಕ್ಕನೇ ಕೂಗುತ್ತಿದ್ದಳು, “ಏ, ಹಿಡೀರಿ ಆಕಿನ್ನ, ಈಕಡಿ ಬರಲಿಕತ್ತಾಳ.” ಯಾರಾದರೂ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಶನಿವಾರ ಶಾಲೆ ಮುಗಿಸಿ ನಾನು ಹೋದಾಗಲೆಲ್ಲ ಇದನ್ನು ನೋಡಬೇಕಾಗುತ್ತಿತ್ತು. ನೋಡಲಾರದೆ ಅಡುಗೆಮನೆಗೆ ಹೋಗಿ ಸುಮ್ಮನೆ ಭಾಂಡೆ ತಿಕ್ಕುತ್ತಿದ್ದೆ.

ಚಳಿ ಬೀಳುವ ಹೊತ್ತಿಗೆ ರೋಗ ಪುಪ್ಪುಸಕ್ಕೆ ಇಳಿಯಿತು. ಇನ್ನು ಕರೆಂಟೂ ಬೇಡ, ಸಲೈನೂ ಬೇಡ, ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಎಳ್ಳಮವಾಸ್ಯೆ ಇನ್ನೂ ಮುಂದಿರುವಾಗ, ಒಂದು ಮಧ್ಯಾಹ್ನ, ನಾನು ತರಗತಿಯಲ್ಲಿದ್ದಾಗ ಅಕ್ಕ ಹೋದಳು.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ನಾನು ಊರು ಮುಟ್ಟುವ ಹೊತ್ತಿಗೆ ಪಡಸಾಲೆಯ ಗೋಡೆಗೆ ಆನಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚಿ, ಹೊಸ ಸೀರೆ ಹೊದಿಸಿ ಕೂಡಿಸಿದ್ದರು. ಕೈಗಳು ಮಡಿಲಲ್ಲಿ ಮೇಲ್ಮುಖವಾಗಿದ್ದವು. ಸುತ್ತ ಹೆಂಗಸರು ಅಳುತ್ತಿದ್ದರು. ಬೀಗತಿಯೂ ಬಂದಿದ್ದಳು, ಎದೆ ಬಡಿದುಕೊಂಡು ಅಳುತ್ತಿದ್ದಳು, ಅದರಲ್ಲಿ ನಾಟಕವೇನೂ ಇರಲಿಲ್ಲ. ನಾನು ಅಕ್ಕನ ಬದಿಗೆ ಕೂತೆ. ಓಣಿಯ ಮುದುಕಿಯೊಬ್ಬಳು, “ಮೊಮ್ಮಗಳ ಕೈ ಆಯಿಗೆ ಮುಟ್ಟಸ್ರಿ. ಹೋಗೋ ಜೀವ ಆಸಿ ಇಟ್ಕೊಂಡು ಹೋಗಬಾರದು” ಅಂದಳು.

ಸೊಸೆ ಒಳಗಿನಿಂದ ಕೂಸನ್ನು ಎತ್ತಿಕೊಂಡು ಬಂದಳು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಅತ್ತೆಯ ಮಲಮೂತ್ರ ಬಳಿದವಳು, ಕಡೆಯ ತಿಂಗಳು ರಾತ್ರಿಯೆಲ್ಲ ಬೆನ್ನು ತಿಕ್ಕಿದವಳು ಅವಳೇ. ಕೂಸು ಅಕ್ಕನನ್ನು ಕಂಡು ರೂಢಿಯಂತೆ ಚಪ್ಪಾಳೆ ತಟ್ಟಿತು. ಸೊಸೆ ನನ್ನ ಪಕ್ಕ ಮಂಡಿಯೂರಿ ಕೂತು, ಕೂಸನ್ನು ಎದೆಗೆ ಅವುಚಿಕೊಂಡೇ ನನ್ನ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದ ಹಾಗೆ ಕೇಳಿದಳು:

“ಸಣ್ಣತ್ತಿ, ಈಗ ಅತ್ತಿ ಮೈಯಾಗ ಕರೆಂಟ್ ಇರಂಗಿಲ್ಲಲ್ರಿ?”

“ಇಲ್ಲವಾ” ಅಂದೆ.

ಅವಳು ಕೂಸಿನ ಕೈ ಹಿಡಿದು ಅಕ್ಕನ ಕೈಯ ಮೇಲೆ ಇಟ್ಟಳು.